ಶೂಗೆ ಲಾಳ ಹೊಡೆಸಿದ್ದೀರಾ?

ಭಾನುವಾರದಿಂದ ಒಂದೇ ಮಾತು ಕಿವಿಯಲ್ಲಿ ಕೂತಿದೆ.

ಕವಲೇದುರ್ಗದ ಕೋಟೆಯಿಂದ ಇಳಿಯುವಾಗ, ಕಲ್ಲುಹಾಸಿನ ದಾರಿಯಲ್ಲಿ, ಅಕ್ಕನ ಮಗ ಬಲಗೈ ಮಣಿಕಟ್ಟು ಹಿಡಿದುಕೊಂಡು ಕುಳಿತಿದ್ದ. ಜಾರಿ ಬಿದ್ದು ಎರಡು ನಿಮಿಷವಾಗಿತ್ತು, ಅಷ್ಟರಲ್ಲೇ ಕೈ ಊದಿಕೊಳ್ಳತೊಡಗಿತ್ತು. ಹಸಿಹುಲ್ಲಿನ ಹೊರೆ ಹೊತ್ತು ಬರುತ್ತಿದ್ದ ಹೆಂಗಸೊಬ್ಬರು ನಮ್ಮನ್ನು ನೋಡಿ ನಿಂತರು. ಹೊರೆಯನ್ನು ಗೋಡೆಗೆ ಒರಗಿಸಿದರು. ಅವನ ಕೈ ನೋಡುತ್ತಾರೆ ಅಂದುಕೊಂಡರೆ, ಬಾಗಿ ಅವನ ಶೂವಿನ ಅಡಿಯನ್ನು ಉಗುರಿನಿಂದ ತಟ್ಟಿದರು. ಟಿಣ್ ಅಂದಿತು.

"ಇದಕ್ಕೆ ಲಾಳ ಹೊಡೆಸಿದ್ದೀರಾ?"

ಅವರು ಲೇವಡಿ ಮಾಡಲಿಲ್ಲ. ನಿಜವಾಗಿ ಕೇಳಿದರು. ನಾನು ಸೈಕಲ್ಲು, ಪೆಡಲ್ಲು, ಶೂವನ್ನು ಪೆಡಲಿಗೆ ಕಚ್ಚಿಸಿ ಹಿಡಿಯುವ ಕ್ಲೀಟು ಎಂದೆಲ್ಲ ವಿವರಿಸಲು ಹೊರಟೆ. ಅವರು ಪೂರ್ತಿ ಕೇಳಿಸಿಕೊಂಡು, "ಲಾಳ ರಸ್ತೆಗೆ ಸರಿ. ಈ ಕಲ್ಲಿನ ಮೇಲೆ ಎತ್ತೂ ಜಾರುತ್ತದೆ" ಅಂದರು.

ಆ ಶೂ ಕೊಡಿಸಿದವಳು ನಾನು. ಹೋದ ವರ್ಷ ಅವನು ಡಿಗ್ರಿ ಮುಗಿಸಿದ ಖುಷಿಗೆ. ಅಂಗಡಿಯ ಹುಡುಗನಿಗೆ ನಾನು ಸ್ಪಷ್ಟವಾಗಿಯೇ ಹೇಳಿದ್ದೆ: ನಾವು ಸೈಕಲ್ ಓಟದವರಲ್ಲ, ಚೀಲ ಕಟ್ಟಿಕೊಂಡು ಊರೂರು ಹೋಗುವವರು, ರಸ್ತೆ ಮುಗಿದಲ್ಲಿ ಸೈಕಲ್ ನಿಲ್ಲಿಸಿ ಗುಡ್ಡ ಹತ್ತುವವರು. "ಹಾಗಾದರೆ ಇದೇ ಸರಿ ಮೇಡಂ, ಇದನ್ನು ಹಾಕಿಕೊಂಡು ಯಾವ ಬೆಟ್ಟವನ್ನಾದರೂ ಹತ್ತಬಹುದು" ಎಂದ. ಅವನು ಒಂದು ಬೆಟ್ಟವನ್ನೂ ಹತ್ತಿದವನಲ್ಲ ಎಂದು ಈಗ ಅನ್ನಿಸುತ್ತಿದೆ. ಆಗ ಕೇಳಬೇಕಿತ್ತು.

ಅವನು ಹೇಳಿದ್ದರಲ್ಲಿ ಅರ್ಧ ನಿಜವಿತ್ತು. ರಸ್ತೆ ಓಟದವರ ಶೂಗೆ ಮೂರು ಬೋಲ್ಟಿನ ದೊಡ್ಡ ಕ್ಲೀಟ್ ಇರುತ್ತದೆ, ಅದು ಅಟ್ಟೆಯಿಂದ ಹೊರಗೆ ಚಾಚಿಕೊಂಡಿರುತ್ತದೆ. ಅದನ್ನು ಹಾಕಿಕೊಂಡು ಹೋಟೆಲಿನ ಮೆಟ್ಟಿಲು ಹತ್ತುವುದೂ ಕಷ್ಟ. ನಾವು ತಂದದ್ದು ಎರಡು ಬೋಲ್ಟಿನದು. ಲೋಹದ ಚಿಕ್ಕ ತುಂಡು, ರಬ್ಬರಿನ ಹಲ್ಲುಗಳ ನಡುವಿನ ಗುಳಿಯಲ್ಲಿ ಅಡಗಿ ಕೂರುತ್ತದೆ. ನೆಲಕ್ಕೆ ರಬ್ಬರ್ ತಾಗಬೇಕು, ಲೋಹ ತಾಗಬಾರದು. ಹೊಸದರಲ್ಲಿ ಹಾಗೆಯೇ ಇತ್ತು. ವರ್ಷ ನಡೆದು ರಬ್ಬರ್ ಸವೆದ ಮೇಲೆ ಲೋಹ ನೆಲ ಮುಟ್ಟತೊಡಗಿದೆ. ಮಣ್ಣಿನ ದಾರಿಯಲ್ಲಿ ಅದು ಗೊತ್ತಾಗುವುದಿಲ್ಲ. ಕೆಳದಿ ಅರಸರ ಕಾಲದಿಂದ ಜನ ನಡೆದು ನಡೆದು ನುಣುಪಾದ, ಮಳೆ ನೆನೆದು ಹಾವಸೆ ಕಟ್ಟಿದ ಕಲ್ಲಿನ ಮೇಲೆ ಗೊತ್ತಾಗುತ್ತದೆ. ಹತ್ತುವಾಗಲೇ ಕರ್ ಕರ್ ಸದ್ದು ಬರುತ್ತಿತ್ತು. ಅದನ್ನು ಕೇಳಿಯೂ ನಾನು ಏನೂ ಹೇಳಲಿಲ್ಲ.

ಶನಿವಾರ ಶಿವಮೊಗ್ಗದಿಂದ ತೀರ್ಥಹಳ್ಳಿಗೆ ಹೋಗುವಾಗ ಮಾತ್ರ ಕಥೆ ತಿರುಗುಮುರುಗಾಗಿತ್ತು. ಗಾಜನೂರು ದಾಟಿ ಮಂಡಗದ್ದೆಯವರೆಗೆ ಅವನು ನನಗಿಂತ ಯಾವಾಗಲೂ ಒಂದು ತಿರುವು ಮುಂದೆ. ಅವನ ಅಟ್ಟೆ ಗಟ್ಟಿ, ತುಳಿದದ್ದೆಲ್ಲ ನೇರ ಪೆಡಲಿಗೆ ಹೋಗುತ್ತದೆ. ನನ್ನದು ಗುಡ್ಡದಲ್ಲಿ ಓಡುವವರ ಜಾಲರಿ ಶೂ, ಅಟ್ಟೆ ಮೃದು. ಮಂಡಗದ್ದೆಯಲ್ಲಿ ತುಂಗೆಯ ನಡುಗಡ್ಡೆಯ ಹಕ್ಕಿಗಳನ್ನು ನೋಡಲು ನಿಂತಾಗ ಹೆಬ್ಬೆರಳಿನ ಬುಡದಲ್ಲಿ ಕೆಂಡ ಇಟ್ಟ ಹಾಗೆ ಉರಿ. ಶೂ ಬಿಚ್ಚಿ ತಣ್ಣನೆಯ ನೆಲದ ಮೇಲೆ ಕಾಲಿಟ್ಟು ಕುಳಿತೆ. ಮೃದು ಅಟ್ಟೆ ಚಿಕ್ಕ ಪೆಡಲಿನ ಸುತ್ತ ಬಾಗುತ್ತದೆ, ಭಾರವೆಲ್ಲ ಒಂದೇ ಬಿಂದುವಿಗೆ ಬೀಳುತ್ತದೆ. "ಚಿಕ್ಕಮ್ಮ, ನಿಮಗೂ ಇಂಥದ್ದೇ ತರೋಣ" ಎಂದು ಅವನು ಹೇಳಿದ್ದ. ನಾನು ಹೂಂ ಅಂದಿದ್ದೆ ಕೂಡ.

ಆ ಹೆಂಗಸಿನ ಕಾಲಲ್ಲಿ ಇದ್ದದ್ದು ತೋಟದ ಕೆಲಸಕ್ಕೆ ಹಾಕುವ ಕಪ್ಪು ಪ್ಲಾಸ್ಟಿಕ್ ಶೂ. ಮಲೆನಾಡಿನಲ್ಲಿ ಮಳೆಗಾಲ ಶುರುವಾದರೆ ಎಲ್ಲ ಅಂಗಡಿಗಳ ಮುಂದೆ ಸರಕ್ಕೆ ಕಟ್ಟಿ ನೇತುಹಾಕುವಂಥದ್ದು. ನೀರು ಹೊಕ್ಕರೆ ಮಗುಚಿ ಚೆಲ್ಲಿದರಾಯಿತು, ಒರೆಸಿದರೆ ಒಣಗಿತು. ನಮ್ಮ ಊರುಗಳ ಮಳೆಗೆ ಅದಕ್ಕಿಂತ ಒಳ್ಳೆಯ ತರ್ಕ ನನಗೆ ಕಾಣುವುದಿಲ್ಲ. ನೀರು ಹೋಗದ ಪದರವಿರುವ ದುಬಾರಿ ಶೂ ಹಾಕಿ ಆಗುಂಬೆಗೆ ಹೋಗಿದ್ದೆ ಒಮ್ಮೆ. ವರ್ಷಕ್ಕೆ 7000 ಮಿಲಿಮೀಟರ್ ಮೀರಿ ಮಳೆ ಬೀಳುವ ಊರು ಅದು. ನೀರು ಅಟ್ಟೆಯಿಂದ ಬರಲಿಲ್ಲ, ಕಾಲಿನಗುಂಟ ಮೇಲಿನಿಂದ ಇಳಿಯಿತು. ಒಳಗೆ ಬಂದದ್ದು ಹೊರಗೆ ಹೋಗಲು ದಾರಿಯೇ ಇಲ್ಲ. ಮೂರು ದಿನ ಪೇಪರ್ ತುರುಕಿ, ಬಚ್ಚಲ ಒಲೆಯ ಪಕ್ಕ ಇಟ್ಟರೂ ಒಣಗದೆ ಬೂಷ್ಟು ಹಿಡಿಯಿತು. ಅಂದಿನಿಂದ ಜಾಲರಿ ಶೂ, ಒಳಗೆ ಮೊಣಕಾಲವರೆಗೆ ಬರುವ ಒತ್ತು ನೇಯ್ಗೆಯ, ಉಂಬಳ ಅಂದರೆ ಜಿಗಣೆ ಕಚ್ಚದಂತೆ ತಡೆಯುವ ಕಾಲುಚೀಲ.

ಅವರ ಶೂ ಹತ್ತಿರದಿಂದ ಕಂಡದ್ದು ಅವರು ಕುಕ್ಕರಗಾಲಿನಲ್ಲಿ ಕುಳಿತು ಅವನ ಕೈಗೆ ಬಟ್ಟೆ ಕಟ್ಟುವಾಗ. ಶೂವಿನ ಸುತ್ತ, ಪಾದದ ಮೇಲಿನಿಂದ ಅಡಿಗೆ ಹಾಯಿಸಿ, ಹಳೆಯ ಸೀರೆಯ ಅಂಚನ್ನು ಬಿಗಿದು ಕಟ್ಟಿದ್ದರು. ಹಿಮ್ಮಡಿಯ ಹಿಂದೆ ಎರಡು ಬೆರಳು ತೂರುವಷ್ಟು ಜಾಗ, ಅಲ್ಲಿಯೂ ಬಟ್ಟೆ ತುರುಕಿತ್ತು. ಶೂ ಅವರ ಅಳತೆಯದಲ್ಲ. ಅವರ ಪಾದ ನನ್ನದರಷ್ಟೇ ಇತ್ತು, ಐದು ನಂಬರು. ಹಾಕಿದ್ದು ಏಳೋ ಎಂಟೋ.

ಹೊರೆ ಎತ್ತಲು ನಾನು ಕೈಕೊಟ್ಟೆ. ತಲೆಯ ಮೇಲೆ ಅಷ್ಟು ಭಾರ, ಕಾಲಲ್ಲಿ ಸಡಿಲ ಶೂ, ಅದೇ ಹಾವಸೆಯ ಕಲ್ಲು. ಹಿಮ್ಮಡಿ ಮೊದಲು ಊರದೆ, ಪೂರ್ತಿ ಪಾದವನ್ನು ಒಮ್ಮೆಲೇ ಇಟ್ಟು, ಚಿಕ್ಕ ಚಿಕ್ಕ ಹೆಜ್ಜೆ ಹಾಕುತ್ತಾ ಗದ್ದೆಯಂಚಿಗೆ ಇಳಿದು ಮರೆಯಾದರು. ನಾವಿಬ್ಬರೂ ಅವರ ಹೆಜ್ಜೆಯನ್ನೇ ನೋಡಿಕೊಂಡು ಹಾಗೆಯೇ ಇಳಿದೆವು.

ತೀರ್ಥಹಳ್ಳಿಯಲ್ಲಿ ಎಕ್ಸ್‌ರೇ ತೆಗೆಸಿದೆವು. ಮೂಳೆಗೆ ಏನೂ ಆಗಿಲ್ಲ, ಉಳುಕು. ಸೈಕಲ್‌ಗಳನ್ನು ಬಸ್ಸಿನ ಮೇಲೆ ಹಾಕಿ ಮನೆಗೆ ಬಂದೆವು. ಅಕ್ಕ ನನ್ನನ್ನು ಒಂದು ಮಾತೂ ಅನ್ನಲಿಲ್ಲ, ಅದೇ ಹೆಚ್ಚು ನೋಯಿಸಿತು. ಅವನಂತೂ "ಶೂ ತಪ್ಪಲ್ಲ ಚಿಕ್ಕಮ್ಮ, ನನ್ನದೇ ಎಚ್ಚರ ತಪ್ಪಿತು" ಎನ್ನುತ್ತಾನೆ. ಒಳ್ಳೆಯ ಹುಡುಗ. ಆದರೆ ತಪ್ಪು ಶೂವಿನದೇ, ಅದನ್ನು ಆರಿಸಿದವರದು.

ಈ ನಾಲ್ಕು ದಿನ ಯೋಚಿಸಿ ಒಂದು ನಿರ್ಧಾರಕ್ಕೆ ಬಂದಿದ್ದೇನೆ. ಎರಡಕ್ಕೂ ಸಮನಾಗಿ ಒಗ್ಗುವ ಶೂ ಹುಡುಕುವುದನ್ನು ಬಿಡಬೇಕು. ಸೈಕಲ್ ಮೇಲೆ ಶೂ ಸರಿ ಇಲ್ಲದಿದ್ದರೆ ಪಾದ ಉರಿಯುತ್ತದೆ, ಒಂದು ಗಂಟೆ ತಡವಾಗುತ್ತದೆ. ಗುಡ್ಡದಲ್ಲಿ ಸರಿ ಇಲ್ಲದಿದ್ದರೆ ಕೈಕಾಲು ಹೋಗುತ್ತದೆ. ಹಾಗಾಗಿ ಶೂವನ್ನು ಗುಡ್ಡಕ್ಕೆ ನೋಡಿ ಕೊಳ್ಳಬೇಕು, ಸೈಕಲ್ಲಿಗೆ ಬೇಕಾದದ್ದನ್ನು ಪೆಡಲಿನಲ್ಲಿ ಸರಿಪಡಿಸಿಕೊಳ್ಳಬೇಕು. ಅಂಗೈಯಷ್ಟು ಅಗಲದ, ಸಣ್ಣ ಮೊಳೆಗಳಿರುವ ಪೆಡಲ್ ಹಾಕಿದರೆ ಭಾರ ಹಂಚಿಹೋಗುತ್ತದೆ, ಒದ್ದೆ ಶೂ ಕೂಡ ಜಾರುವುದಿಲ್ಲ. ಅವನು ಎಡಗೈಯಲ್ಲೇ ಸ್ಪ್ಯಾನರ್ ಹಿಡಿದು ನಿನ್ನೆ ರಾತ್ರಿ ಎರಡೂ ಸೈಕಲ್ಲಿಗೆ ಅಂಥವನ್ನು ಹಾಕಿಕೊಟ್ಟ.

ಅವನಿಗೆ ಹೊಸ ಶೂ ತರಲು ಸಂಜೆಯೇ ಹೋದೆವು, ಹಗಲೆಲ್ಲ ಓಡಾಡಿ ಪಾದ ಊದಿಕೊಂಡಿರುವಾಗಲೇ ಅಳತೆ ಸರಿಯಾಗಿ ಸಿಗುವುದು. ಮುಂದೆ ಹೆಬ್ಬೆರಳಿನ ಅಗಲದ ಜಾಗ ಬಿಟ್ಟು ನೋಡಿದೆವು, ಇಳಿಜಾರಿನಲ್ಲಿ ಉಗುರು ತಾಗಿ ಕಪ್ಪಾಗಬಾರದಲ್ಲ. ತುದಿ ಮತ್ತು ಹಿಮ್ಮಡಿ ಹಿಡಿದು ಬಗ್ಗಿಸಿದಾಗ ಬೆರಳ ಬುಡದಲ್ಲಿ ಮಡಚುವ, ನಡುವೆ ಗಟ್ಟಿಯಾಗಿ ನಿಲ್ಲುವ ಜೋಡಿಯೊಂದು ಸಿಕ್ಕಿತು. ಹತ್ತು ನಿಮಿಷದಲ್ಲಿ ಮುಗಿಯಿತು. ಅವನ ಅಳತೆಗೆ ಒಂಬತ್ತು ಜೋಡಿ ಶೂ ತೆಗೆದು ಮುಂದಿಟ್ಟಿದ್ದರು.

ಬರುವಾಗ ಗಾಂಧಿ ಬಜಾರಿನಲ್ಲಿ ಪ್ಲಾಸ್ಟಿಕ್ ಶೂಗಳ ಸರ ಕಂಡಿತು. ಹೋಗಿ ಐದು ನಂಬರು ಕೇಳಿದೆ. ಇಲ್ಲ. ಎರಡನೆಯ ಅಂಗಡಿ, ಮೂರನೆಯ ಅಂಗಡಿ, ಎಲ್ಲಿಯೂ ಆರರಿಂದ ಶುರು. ತೋಟದಲ್ಲಿ ಅಡಿಕೆ ಹೆಕ್ಕುವವರು, ಗದ್ದೆಯಲ್ಲಿ ನಾಟಿ ಮಾಡುವವರು, ಹುಲ್ಲು ಹೊರುವವರು ಹೆಚ್ಚಿನವರು ಹೆಂಗಸರಲ್ಲವೇ, ಅವರೇನು ಹಾಕುತ್ತಾರೆ ಎಂದು ಕೇಳಿದೆ. ಮೂರನೆಯ ಅಂಗಡಿಯವರು ವಯಸ್ಸಾದವರು, ತಾಳ್ಮೆಯಿಂದಲೇ ಆರನೆಯ ನಂಬರಿನ ಜೋಡಿಯೊಂದನ್ನು ಸರದಿಂದ ಬಿಡಿಸಿ ನನ್ನ ಮುಂದೆ ಇಟ್ಟರು.

"ಒಳಗೆ ಒಂದಿಷ್ಟು ಬಟ್ಟೆ ಇಟ್ಟುಕೊಳ್ಳಿ ಮೇಡಂ. ಎಲ್ಲರೂ ಹಾಗೇ ಮಾಡುವುದು."