ಗುದ್ದಲಿಗೆ ಎದುರಾದ ಹಾವು

ಬೆಳಿಗ್ಗೆ ಅಡಿಕೆ ಮರದ ಬುಡ ಬಿಡಿಸುವಾಗ ಗುದ್ದಲಿ ಪಕ್ಕದಲ್ಲೇ ಏನೋ ಮಿರಮಿರ ಮಿಂಚಿತು. ದೊಡ್ಡ ಎರೆಹುಳ ಅಂದುಕೊಂಡರೆ, ಹಾವು! "ಎರಡು ತಲೆ ಹಾವು, ಬಿಡಾ ತಮಾ" ಅಂದ್ರು ಚಿಕ್ಕಪ್ಪ. ಎರಡು ತಲೆ ಎಲ್ಲಿಂದ ಬಂತು, ಇದು ಶೀಲ್ಡ್‌ಟೇಲ್, ಮಣ್ಣೊಳಗೆ ಬಿಲ ಕೊರೆದು ಬದುಕುವ ಹಾವು. ಮೂತಿ ಚೂಪು, ಬಾಲ ಮಾತ್ರ ಕತ್ತಿಯಲ್ಲಿ ಓರೆಯಾಗಿ ಕಡಿದ ಹಾಗೆ ಮೊಂಡು. ಆ ಒರಟು ತುದಿಗೆ ಮಣ್ಣು ಮೆತ್ತಿಕೊಂಡು ಹಿಂದಿನ ಬಿಲಕ್ಕೆ ಅದೇ ಬಿರಡೆ.

ಈ ಕುಟುಂಬದ 50ಕ್ಕೂ ಹೆಚ್ಚು ಜಾತಿಗಳಿರುವುದು ಭಾರತದ ಪರ್ಯಾಯ ದ್ವೀಪ ಮತ್ತು ಶ್ರೀಲಂಕಾದಲ್ಲಿ ಮಾತ್ರ. ಹೆಚ್ಚಿನವಕ್ಕೆ ತಂಪಾದ, ಸಡಿಲ ಮಣ್ಣೇ ಆಗಬೇಕು. ಮಯೋಸೀನ್ ಯುಗದ ಕೊನೆಕೊನೆಗೆ, ಅಂದರೆ ಸುಮಾರು 1 ಕೋಟಿ ವರ್ಷದ ಈಚೆಗೆ, ಒಳನಾಡು ಒಣಗುತ್ತ ಬಂತು, ಮಳೆಕಾಡು ಘಟ್ಟಕ್ಕೆ ಸರಿಯಿತು. ಹಕ್ಕಿಯಾದರೆ ಹಾರಿ ಹೋದೀತು. ಈ ಪಾಪದವು ಒಣ ಬಯಲು ದಾಟಲಾರದೆ ಗುಡ್ಡಕ್ಕೊಂದು ಗುಂಪಾಗಿ ಸಿಕ್ಕಿಬಿದ್ದು, ಬರಬರುತ್ತ ಬೇರೆ ಬೇರೆ ಜಾತಿಯೇ ಆಗಿರಬೇಕು. ಕೆಲವು ಇವತ್ತಿಗೂ ಒಂದೆರಡು ಬೆಟ್ಟ ಬಿಟ್ಟು ಬೇರೆಲ್ಲೂ ಸಿಗುವುದಿಲ್ಲ.

ಅಂಗೈಲಿಟ್ಟುಕೊಂಡೆ. ಕಚ್ಚಲಿಲ್ಲ, ಬೆರಳಸಂದಿಯನ್ನೇ ಅಗೆಯಲು ಶುರುಮಾಡಿತು! ಮಣ್ಣಿಗೆ ಬಿಟ್ಟೆ, ಎರಡು ನಿಮಿಷಕ್ಕೆ ಬಾಲವೂ ಇಲ್ಲ. ಚಿಕ್ಕಪ್ಪ ಆ ಒಂದು ಬುಡ ಬಿಟ್ಟು ಮುಂದಿನ ಮರಕ್ಕೆ ಹೋದರು.