ಗಸ್ಸಾನ್ ಬೆಟ್ಟದಲ್ಲಿ ಅಪ್ಪನ ನೆನಪಿಗೊಂದು ಬೆಂಕಿ

ಅಪ್ಪ ತೀರಿಕೊಂಡಾಗ ನಾನು ಜಪಾನಿನ ಸೆಂಡೈಯಲ್ಲಿದ್ದೆ. ಬೆಳಗಿನ ಜಾವ ತಮ್ಮನ ಫೋನ್ ಬಂತು. ಅವತ್ತು ಯಾವ ವಿಮಾನದಲ್ಲೂ ಸೀಟು ಸಿಗಲಿಲ್ಲ. ನಾನು ಚಿಕ್ಕಮಗಳೂರು ತಲುಪಿದಾಗ ಮೂರನೇ ದಿನ. ಹಿರಿಮಗ ನಾನಿದ್ದೂ ತಮ್ಮನೇ ಕೊಳ್ಳಿ ಇಟ್ಟ. ಅದನ್ನು ಫೋನಿನಲ್ಲಿ ನೋಡಿದೆ. ನಡುವೆ ನೆಟ್‌ವರ್ಕ್ ಹೋಯಿತು. ಮತ್ತೆ ಬಂದಾಗ ಬರೀ ಹೊಗೆ.

ಕಾರ್ಯ ಮುಗಿಸಿ ವಾಪಸ್ ಬಂದೆ, ಕೆಲಸಕ್ಕೂ ಹೋದೆ. ಆದರೆ ಒಂದು ಮಾತು ಎದೆಯಲ್ಲಿ ಕೂತುಬಿಟ್ಟಿತ್ತು. ಅಪ್ಪನಿಗೆ ನಾನು ಬೆಂಕಿ ಕೊಡಲಿಲ್ಲ.

ಆಗಸ್ಟ್ ಹತ್ತಿರ ಬಂದಾಗ ಆಫೀಸಿನ ಹಿರಿಯರೊಬ್ಬರು ಗಸ್ಸಾನ್ ಬೆಟ್ಟದ ವಿಷಯ ಹೇಳಿದರು. ಪಕ್ಕದ ಯಾಮಾಗಾಟಾದಲ್ಲಿ ದೇವಾ ಸಾನ್‌ಜಾನ್ ಅಂತ ಮೂರು ಪವಿತ್ರ ಬೆಟ್ಟಗಳಿವೆ. ಹಗುರೊ ಈಗಿನ ಬದುಕು, ಗಸ್ಸಾನ್ ಸಾವು, ಯುದೊನೊ ಮರುಹುಟ್ಟು. ಜನ ಇದೇ ಕ್ರಮದಲ್ಲಿ ನಡೆಯುತ್ತಾರೆ. ಯಾತ್ರಿಗಳು ಹಾಕುವ ಬಿಳಿ ಬಟ್ಟೆ ಅಲ್ಲಿ ಹೆಣಕ್ಕೆ ಉಡಿಸುವ ಬಟ್ಟೆಯೂ ಹೌದು. ನಮ್ಮಲ್ಲೂ ಬಿಳಿಯೇ ಅಲ್ವಾ? ಅಷ್ಟು ಕೇಳಿದ್ದೇ ಹೋಗಬೇಕು ಅನ್ನಿಸಿತು.

ಇನ್ನೊಂದು ಕಾರಣವೂ ಇತ್ತು. ಆಗಸ್ಟ್ 13ಕ್ಕೆ, ಓಬೋನ್ ಶುರುವಾಗುವ ದಿನ, ಗಸ್ಸಾನ್ ತುದಿಯಲ್ಲಿ ಬೆಂಕಿ ಹಾಕುತ್ತಾರೆ. ಓಬೋನ್ ಅಂದರೆ ನಮ್ಮ ಪಿತೃಪಕ್ಷದ ಹಾಗೆ, ಹಿರಿಯರು ಮನೆಗೆ ಬರುವ ದಿನಗಳು. ಅವರಿಗೆ ದಾರಿ ಕಾಣಲಿ ಅಂತ ಆ ಬೆಂಕಿ.

ಅಪ್ಪನಿಗೂ ಬೆಟ್ಟ, ಬೆಂಕಿ ಎರಡೂ ಇಷ್ಟ. ಪ್ರತಿ ವರ್ಷ ನರಕ ಚತುರ್ದಶಿಗೆ ಮಲ್ಲೇನಹಳ್ಳಿಯ ದೇವೀರಮ್ಮನ ಬೆಟ್ಟ ಹತ್ತುತ್ತಿದ್ದರು. ಕತ್ತಲಿರುವಾಗಲೇ ಹೊರಟು, ಬರಿಗಾಲಲ್ಲಿ, ಹೆಗಲ ಮೇಲೆ ಒಂದು ಸೌದೆ ತುಂಡು. ಆ ಸೌದೆಯನ್ನು ಎಷ್ಟೋ ತಿಂಗಳ ಮುಂಚೆಯೇ ಆರಿಸಿ, ಅಟ್ಟದ ಮೇಲೆ ಒಣಗಿಸಿ ಇಡುತ್ತಿದ್ದರು. ಹಸಿ ಸೌದೆ ಹೊತ್ತು ಹೋಗಬಾರದು, ಹೊಗೆ ಜಾಸ್ತಿ, ದೇವಿಗೆ ಕಣ್ಣುರಿ ಅನ್ನುತ್ತಿದ್ದರು.

ಹಗುರೊ ಚಿಕ್ಕ ಬೆಟ್ಟ, 414 ಮೀಟರ್. ಆದರೆ 2,446 ಕಲ್ಲುಮೆಟ್ಟಿಲು. ಎರಡೂ ಕಡೆ ಆಕಾಶ ಮುಚ್ಚುವಷ್ಟು ಎತ್ತರದ ಸುಗಿ ಮರಗಳು. ಹತ್ತಿ, ಅಲ್ಲಿಂದ ಬಸ್ಸಿನಲ್ಲಿ ಗಸ್ಸಾನಿನ ಎಂಟನೇ ನಿಲ್ದಾಣಕ್ಕೆ, ಅಂದರೆ ಬೆಟ್ಟದ ದಾರಿಯ ಹತ್ತು ಹಂತಗಳಲ್ಲಿ ಎಂಟನೆಯದಕ್ಕೆ, ಹೋದೆ. ಮುಂದೆ ನಡಿಗೆ. ಮೊದಲು ಜೌಗು ನೆಲದ ಮೇಲೆ ಹಲಗೆ ದಾರಿ, ಆಮೇಲೆ ಬರೀ ಕಲ್ಲು. ಇಳಿಜಾರಿನಲ್ಲಿ ಆಗಸ್ಟಿನಲ್ಲೂ ಕರಗದ ಹಿಮ. ಮೂರು ಗಂಟೆ ಹಿಡಿಯಿತು. ಗಸ್ಸಾನ್ 1,984 ಮೀಟರ್, ನಮ್ಮ ಮುಳ್ಳಯ್ಯನಗಿರಿಗಿಂತ ಸ್ವಲ್ಪ ಎತ್ತರ. ಅಪ್ಪ ಇದ್ದಿದ್ದರೆ ಇದನ್ನೇ ಮೊದಲು ಕೇಳುತ್ತಿದ್ದರು.

ತುದಿಯ ಗುಡಿಯ ಒಳಗೆ ಹೋಗುವ ಮುಂಚೆ ಒಂದು ಕಾಗದದ ಗೊಂಬೆ ಕೊಡುತ್ತಾರೆ. ಮನುಷ್ಯನ ಆಕಾರ, ಅಂಗೈಯಲ್ಲಿ ಹಿಡಿಯುವಷ್ಟು. ಅದನ್ನು ಮೈಗೆ ಸವರಿಕೊಂಡು ನೀರಿಗೆ ಬಿಡಬೇಕು. ನನ್ನ ಮುಂದಿದ್ದ ಅಜ್ಜಿ ಮಂಡಿಗೆ ಸವರಿಕೊಂಡರು. ನಾನು ತಲೆಗೆ, ಎದೆಗೆ ಸವರಿದೆ. ಆಮೇಲೆ ಬಲಗೈಗೆ. ಕೊಳ್ಳಿ ಹಿಡಿಯಬೇಕಿದ್ದ ಕೈ ಅದು. ಬೆರಳು ಬೆರಳಿಗೂ ಸವರಿದೆ. ಹಿಂದೆ ಜನ ಕಾಯುತ್ತಿದ್ದರು, ಯಾರೂ ಅವಸರ ಮಾಡಲಿಲ್ಲ. ನೀರಿಗೆ ಬಿಟ್ಟಾಗ ಗೊಂಬೆ ಒಂದು ಕ್ಷಣ ತೇಲಿತು. ಅಂಚಿನಿಂದ ನೆನೆಯುತ್ತಾ ಬಂದು ಮೆತ್ತಗಾಯಿತು. ಅದರ ಕೈ ಯಾವುದು, ಕಾಲು ಯಾವುದು ಗೊತ್ತಾಗದ ಹಾಗೆ ಆಗುವ ತನಕ ನೋಡುತ್ತಾ ನಿಂತೆ.

ಸಂಜೆ ಬೆಂಕಿ ಹೊತ್ತಿಸಿದರು. ಗಾಳಿ ಜೋರಾಗಿತ್ತು, ಕೈ ಮರಗಟ್ಟುವಷ್ಟು ಚಳಿ. ಅದೇ ಅಜ್ಜಿ ಪಕ್ಕಕ್ಕೆ ಸರಿದು ನನಗೆ ಜಾಗ ಕೊಟ್ಟರು. ಯಾರಿಗೆ ಅಂತ ಮೆಲ್ಲಗೆ ಕೇಳಿದರು. ಅಪ್ಪನಿಗೆ ಅಂದೆ. ತಮ್ಮ ಯಜಮಾನರಿಗೆ ಅಂದರು. ಇಬ್ಬರೂ ಸುಮ್ನೆ ನಿಂತೆವು. ಮುಖಕ್ಕೆ ಶಾಖ ತಗುಲಿದಾಗ ಅತ್ತೆ. ನಾಲ್ಕು ತಿಂಗಳಲ್ಲಿ ಮೊದಲ ಸಲ. ಫೋನಿನಲ್ಲಿ ನೋಡಿದ ಬೆಂಕಿಗೆ ಶಾಖ ಇರಲಿಲ್ಲ.

ಮಾರನೇ ದಿನ ಕಬ್ಬಿಣದ ಏಣಿ ಹಿಡಿದು ಯುದೊನೊ ಕಡೆ ಇಳಿದೆ. ಅಲ್ಲಿ ಬರಿಗಾಲಲ್ಲೇ ಒಳಗೆ ಹೋಗಬೇಕು. ಕಂಡದ್ದನ್ನು ಹೊರಗೆ ಹೇಳಬಾರದು ಅನ್ನುವುದು ಆ ಬೆಟ್ಟದ ನಿಯಮ. ಹಾಗಾಗಿ ನಾನೂ ಬರೆಯುವುದಿಲ್ಲ.

ಬಸ್ಸಿಗೆ ಕಾಯುತ್ತಾ ಅಮ್ಮನಿಗೆ ಫೋನ್ ಮಾಡಿದೆ.

"ಚಪ್ಪಲಿ ಹಾಕ್ಕೊಂಡು ಹತ್ತಿದ್ಯೇನೋ?"

"ಗಸ್ಸಾನಿಗೆ ಬೂಟು ಬೇಕಿತ್ತಮ್ಮ. ಇಲ್ಲಿ ಬಿಚ್ಚಿದೆ."

ಅಮ್ಮ ಸ್ವಲ್ಪ ಹೊತ್ತು ಮಾತಾಡಲಿಲ್ಲ.

"ಈ ವರ್ಷ ನಮಗೆ ಹಬ್ಬ ಇಲ್ಲ ಮಗ. ಮುಂದಿನ ದೀಪಾವಳಿಗೆ ಬಾ. ಅಟ್ಟದ ಮೇಲೆ ನಿಮ್ಮಪ್ಪ ಇಟ್ಟಿದ್ದ ಸೌದೆ ಹಾಗೇ ಇದೆ."