ಹೋಟೆಲ್ ಕಾರ್ಡ್ ಫೀ ಕಟ್ಟೋದಾ, ಬಿಡೋದಾ?

ಹೋಟೆಲ್ ಕ್ರೆಡಿಟ್ ಕಾರ್ಡಿನ (ಹೋಟೆಲ್ ಸರಣಿ ಜೊತೆ ಸೇರಿ ಬ್ಯಾಂಕ್ ಕೊಡೋ ಕಾರ್ಡು) ವಾರ್ಷಿಕ ಫೀ ಬಿಲ್‌ನಲ್ಲಿ ಬಂದಾಗ ನಾನು ಮೊದಲು ನೋಡೋದು ಫ್ರೀ ನೈಟ್ ವೋಚರ್, ಅಂದ್ರೆ ಒಂದು ರಾತ್ರಿ ಉಚಿತವಾಗಿ ಉಳ್ಕೊಳ್ಳೋ ಕೂಪನ್, ಇದ್ಯಾ ಅಂತ, ಯಾಕಂದ್ರೆ ಫೀನ ವಾಪಸ್ ತಂದ್ಕೊಡೋ ಶಕ್ತಿ ಹೆಚ್ಚಾಗಿ ಅದೊಂದಕ್ಕೇ ಇರೋದು. ಆದ್ರೆ ರೂಮಿನ ರೇಟ್ ನೋಡ್ಕೊಂಡು ಲೆಕ್ಕ ಹಾಕ್ಬೇಡಿ, ಕಾರ್ಡ್ ಇಲ್ದೇ ಇದ್ರೆ ಆ ರಾತ್ರಿಗೆ ನೀವು ಎಷ್ಟು ಕೊಡ್ತಿದ್ರಿ ಅನ್ನೋದೇ ಅದರ ನಿಜವಾದ ಬೆಲೆ. ವೋಚರ್‌ಗೆ ಸಾಮಾನ್ಯವಾಗಿ ಒಂದು ವರ್ಷದ ಗಡುವು, ಪಾಯಿಂಟ್ ಮಿತಿ ಬೇರೆ, ಅಂದ್ರೆ ಇಷ್ಟು ಪಾಯಿಂಟ್ ಒಳಗಿನ ರೂಮಿಗೆ ಮಾತ್ರ ನಡೆಯುತ್ತೆ. ಮ್ಯಾರಿಯಟ್ ಹೋಟೆಲ್ ಸರಣಿ 2022ರಲ್ಲಿ ಯಾವ ಹೋಟೆಲ್‌ಗೆ ಎಷ್ಟು ಪಾಯಿಂಟ್ ಅನ್ನೋ ಫಿಕ್ಸ್ ಆಗಿದ್ದ ಪಟ್ಟಿ ತೆಗೆದ್ಮೇಲಂತೂ ಅದೇ ರೂಮು ಸೀಸನ್‌ನಲ್ಲಿ ಮಿತಿ ದಾಟ್ಬಹುದು, ಖಾಲಿ ದಿನಗಳಲ್ಲಿ ಸಿಗ್ಬಹುದು, ಹಾಗಾಗಿ ರಜೆ ತಾರೀಖು ತಮ್ಮ ಕೈಲಿ ಇಲ್ದೋರಿಗೆ ಕಷ್ಟಾನೇ.

ಕಾರ್ಡಲ್ಲಿ ಖರ್ಚು ಮಾಡಿದಾಗ ಸಿಗೋ ಪಾಯಿಂಟ್ಸ್ ವಿಷಯಕ್ಕೆ ಬಂದ್ರೆ, ಅದೇ ಖರ್ಚನ್ನ ಫೀ ಇಲ್ಲದ ಕ್ಯಾಶ್‌ಬ್ಯಾಕ್ ಕಾರ್ಡಲ್ಲಿ ಮಾಡಿದ್ರೆ ಬರ್ತಿದ್ದ ದುಡ್ಡನ್ನ ಕಳೆದೇ ಲಾಭ ನೋಡ್ಬೇಕು. ಇದನ್ನ ಬಹಳ ಜನ ಮರೀತಾರೆ. ಕಾರ್ಡ್ ಜೊತೆ ಬರೋ ಸ್ಟೇಟಸ್‌ಗೆ (ಹೋಟೆಲ್‌ನಲ್ಲಿ ವಿಶೇಷ ಸದಸ್ಯರ ದರ್ಜೆ) ನಾನಂತೂ ಬೆಲೆ ಕಟ್ಟಲ್ಲ, ಬ್ರೇಕ್‌ಫಾಸ್ಟ್ ಗ್ಯಾರಂಟಿ ಸಿಗೋ ಕಡೆ ಬಿಟ್ಟು, ಯಾಕಂದ್ರೆ ರೂಮ್ ಅಪ್‌ಗ್ರೇಡ್ ಸಾಮಾನ್ಯವಾಗಿ ಖಾಲಿ ಇದ್ರೆ ಮಾತ್ರ.

ಮೊದಲ ವರ್ಷದ ವೆಲ್ಕಮ್ ಬೋನಸ್‌ನ ಈ ಲೆಕ್ಕಕ್ಕೆ ಸೇರಿಸ್ಲೇಬೇಡಿ, ಎರಡನೇ ವರ್ಷಕ್ಕೆ ಅದಿರಲ್ಲ. ಕಾರ್ಡ್ ಮುಚ್ಚೋ ಯೋಚನೆ ಇದ್ರೆ ಮೊದಲು ಬ್ಯಾಂಕಿಗೆ ಫೋನ್ ಮಾಡಿ ಫೀ ಇಲ್ಲದ ಕಾರ್ಡಿಗೆ ಬದಲಾಯಿಸ್ತೀರಾ ಅಂತ ಕೇಳಿ.